ಗಂಜಿಯ ಗತ್ತು

ನಮ್ಮ ಮಾವ ಸಣ್ಣಬಸಪ್ಪನವರು ಬಜಾರಿನಲ್ಲಿ ನಡೆದು ಬಂದರೆ ಮೊದಲು ಅವರ ಪಂಚೆಯ ಸದ್ದು ಕೇಳುತ್ತದೆ, ಆಮೇಲೆ ಅವರು ಕಾಣುತ್ತಾರೆ. ರಾಯದುರ್ಗದಲ್ಲಿ ಇದು ಹೊಗಳಿಕೆಯ ಮಾತಲ್ಲ, ಎಲ್ಲರೂ ಒಪ್ಪಿಕೊಂಡ ಸಂಗತಿ. ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಮಿಷಿನ್ನುಗಳು ಗಡಗಡ ಅನ್ನುವ ಈ ಊರಲ್ಲಿ ನಮ್ಮದು ಪಂಚೆ, ಟವೆಲ್ಲು, ಬಿಳಿ ಷರಟಿನ ಬಟ್ಟೆ ಮಾರುವ ಅಂಗಡಿ. ಬೋರ್ಡಿನ ಬಣ್ಣ ಹೋಗಿ ಎಷ್ಟೋ ಕಾಲವಾಯಿತು. ಮಾವ ಅದನ್ನು ಮತ್ತೆ ಬರೆಸಿಲ್ಲ. ಗಲ್ಲೆಯ ಹಿಂದೆ ತಾವೇ ಕೂತಿರುವಾಗ ಇನ್ನೊಂದು ಬೋರ್ಡು ಯಾಕೆ ಎನ್ನುವುದು ಅವರ ಲೆಕ್ಕ.

ಆ ಬಿಳುಪು, ಆ ಬಿಗಿ ಎರಡೂ ನಮ್ಮ ಅತ್ತೆ ಅನ್ನದಾನಮ್ಮನವರದು. ಅಕ್ಕಿ ಗಂಜಿಗೆ ಒಂದು ಹಿಡಿ ಸಬ್ಬಕ್ಕಿ ಸೇರಿಸಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಒಂದು ಹನಿ ನೀಲಿ ಬಿಟ್ಟು ಅವರು ಹಾಕುವ ಗಂಜಿಗೆ ಸುತ್ತಿನ ಊರುಗಳಲ್ಲಿ ಹೆಸರಿದೆ. ಒಲೆಯ ಹತ್ತಿರ ಹೋಗದೆ, ಪಡಸಾಲೆಯಲ್ಲಿ ಕೂತು, ವಾಸನೆಯಲ್ಲೇ ಗಂಜಿಯ ಹದ ಹೇಳುತ್ತಾರೆ ಎಂದು ನನ್ನ ಮದುವೆಗೆ ಮುಂಚೆಯೇ ನನ್ನ ಕಿವಿಗೆ ಬಿದ್ದಿತ್ತು. ಹೆಣ್ಣು ನೋಡಲು ಬಂದವರ ಕಡೆಯ ಯಾರೋ ಅದನ್ನು ಆಸ್ತಿಪಾಸ್ತಿಯ ಜೊತೆಗೆ ಸೇರಿಸಿ ಹೇಳಿದ್ದರು.

ಈ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವಣಿಗನ ತಲೆಗೆ ಬಿಳಿ ರುಮಾಲು ಸುತ್ತುವವರು ಸೋದರಮಾವ. ಆ ರುಮಾಲನ್ನು ಒಗೆದು ಗಂಜಿ ಹಾಕಿ ಕೊಡುವವರು ಸೋದರಮಾವನ ಹೆಂಡತಿ. ಸುತ್ತುವಾಗ ರುಮಾಲಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ನಿಲ್ಲುವವರೂ ಅವರೇ. ಗಂಜಿ ಸರಿಯಿಲ್ಲದಿದ್ದರೆ ರುಮಾಲು ಊಟದ ಹೊತ್ತಿಗೆ ಕಿವಿಗೆ ಜಾರುತ್ತದೆ. ನಮ್ಮ ಅತ್ತೆ ಗಂಜಿ ಹಾಕಿದ ರುಮಾಲು ಜಾರಿದ್ದನ್ನು ಯಾರೂ ನೋಡಿಲ್ಲ. ಅದಕ್ಕೇ ಸೋದರಳಿಯಂದಿರಲ್ಲದವರ ಮನೆಯಿಂದಲೂ ರುಮಾಲುಗಳು ಅವರ ಕೈಗೆ ಬರುತ್ತಿದ್ದವು.

ನಾನು ಅಗಳಿಯವಳು. ನಮ್ಮ ಕಡೆ ಬಟ್ಟೆ ಒಗೆದರೆ ಮುಗಿಯಿತು, ಒಣಗಿದರೆ ಉಟ್ಟುಕೊಂಡರಾಯಿತು. ಬಟ್ಟೆಗೆ ಇಷ್ಟೊಂದು ಗತ್ತು ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಮಧ್ಯಾಹ್ನ ಅಂಗಡಿಯಲ್ಲಿ ಮಾವನ ಪಕ್ಕ ಕೂತು ವ್ಯಾಪಾರ ನೋಡಿಕೊಳ್ಳಲು ಶುರು ಮಾಡಿದಾಗ, ಗಿರಾಕಿಗಳು ಪಂಚೆಯನ್ನು ನೋಡದೆ ಮಾವನನ್ನು ನೋಡಿ ಬಟ್ಟೆ ಒಯ್ಯುವುದನ್ನು ಕಂಡೆ. ಆಗ ನಗುವುದು ಬಿಟ್ಟೆ.

ಅತ್ತೆಯ ಒಂದು ಅಭ್ಯಾಸ ಮಾತ್ರ ನನಗೆ ಸಿಟ್ಟು ತರಿಸುತ್ತಿತ್ತು. ಬೆಳಿಗ್ಗೆ ಎದ್ದರೆ ಹಾಲಿನ ಪಾತ್ರೆ ನನ್ನ ಮೂಗಿನ ಮುಂದೆ.

"ನೋಡವ್ವಾ, ಹೆಂಗೈತಿ?"

"ಚೆನ್ನಾಗೈತೆ ಅತ್ತೆ."

ಆಮೇಲೆ ಬೆಣ್ಣೆ ಕಾಯಿಸುವಾಗ ಕರೆಯುತ್ತಿದ್ದರು. ಹಿಂದಿನ ದಿನದ ಸಾರನ್ನು ಮುಂದೆ ಹಿಡಿಯುತ್ತಿದ್ದರು. ಹೂವಿನವಳು ಬಂದರೆ ಮಲ್ಲಿಗೆ ಆರಿಸಲು ನನ್ನನ್ನೇ ಕಳಿಸುತ್ತಿದ್ದರು. ಸೊಸೆಯನ್ನು ಹೀಗೆ ದಿನಾ ಪರೀಕ್ಷೆಗೆ ಕೂರಿಸುತ್ತಾರೆಂದು ನಾನು ನನ್ನ ಗಂಡ ವಾಗೀಶ್ ಹತ್ತಿರ ದೂರು ಹೇಳಿದರೆ, ಬೆಳುಗುಪ್ಪದ ಮಂಡಲ ಆಫೀಸಿನಲ್ಲಿ ದಿನವಿಡೀ ಜನರ ದೂರು ಕೇಳಿ ಬರುವ ಆ ಮನುಷ್ಯ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದ.

ಅತ್ತೆಗೆ ಮಣಿಕಟ್ಟಿನ ನೋವು ಶುರುವಾದಾಗ ವಾಗೀಶ್ ವಾಷಿಂಗ್ ಮಿಷಿನ್ ತಂದ. ಮೇಲಿನಿಂದ ಬಟ್ಟೆ ಹಾಕುವಂಥದ್ದು, ದೊಡ್ಡದು. ಅತ್ತೆ ಅದಕ್ಕೆ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಹಚ್ಚಿ, ತಾವೇ ಹೆಣೆದ ಕ್ರೋಶಾ ಹೊದಿಕೆ ಹಾಕಿದರು. ಧೂಳು ಹೋಗಬಾರದೆಂದು ಮುಚ್ಚಳ ಸದಾ ಮುಚ್ಚಿಯೇ ಇರಬೇಕು. ಒಂದು ವಾರದೊಳಗೆ ಅವರ ಇನ್ನೊಂದು ಕಟ್ಟಳೆ ಬಂತು. ಮಿಷಿನ್ನಿನಲ್ಲಿ ಮಾವನ ಬಿಳಿ ಬಟ್ಟೆ ಮಾತ್ರ. ನನ್ನ ನೈಟಿ, ವಾಗೀಶನ ಪ್ಯಾಂಟು, ಹಾಸಿಗೆ ಹೊದಿಕೆ ಎಲ್ಲವೂ ಹಿತ್ತಲ ಕಲ್ಲಿನ ಮೇಲೆ, ನನ್ನ ಕೈಯಲ್ಲಿ. ಮಿಷಿನ್ ಬಂದ ಮೇಲೆ ನನ್ನ ಕೆಲಸ ಹೆಚ್ಚಾಯಿತು ಎಂದರೆ ಅಗಳಿಯಲ್ಲಿ ಯಾರೂ ನಂಬಲಿಲ್ಲ.

ಆ ಮಿಷಿನ್ನಿನಿಂದ ವಾಸನೆ ಬರಲು ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಮೊದಲು ಮುಚ್ಚಳ ತೆಗೆದಾಗ ಮಾತ್ರ ಬರುತ್ತಿತ್ತು. ಆಮೇಲೆ ಒಗೆದ ಬಟ್ಟೆಯಲ್ಲಿ ಬಂತು. ಕೊನೆಗೆ ಬಿಸಿಲಿಗೆ ಒಣಗಿ, ಇಸ್ತ್ರಿಯಾಗಿ, ಬೀರುವಿನಲ್ಲಿ ಮಡಚಿಟ್ಟ ಪಂಚೆಯೂ ಮುಗ್ಗಲು ಹೊಡೆಯಿತು. ಅಂಗಡಿಯಲ್ಲಿ ಫ್ಯಾನು ಮಾವನ ಕಡೆಯಿಂದ ಗಿರಾಕಿಯ ಕಡೆಗೆ ಬೀಸಿದರೆ ಗಿರಾಕಿ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ನಾನು ಫ್ಯಾನು ತಿರುಗಿಸಿಟ್ಟೆ. ಮಾವನ ಷರಟಿನ ಜೇಬಿನಲ್ಲಿ ಈಚೆಗೆ ಯಾವಾಗಲೂ ಕಾಗದದಲ್ಲಿ ಸುತ್ತಿದ ಕರ್ಪೂರ ಸಿಗುತ್ತಿತ್ತು. ವಯಸ್ಸಾಗುತ್ತಿದ್ದಂತೆ ಭಕ್ತಿ ಹೆಚ್ಚುತ್ತದೆ ಎಂದುಕೊಂಡೆ.

ಅತ್ತೆಗೆ ಹೇಳುವವರು ಯಾರು? ನೀನೇ ಹೇಳು ಎಂದು ವಾಗೀಶನಿಗೆ ಹೇಳಿದೆ.

"ನಾನ್ಯಾಕ ಹೇಳ್ಲಿ? ನೀನ ಹೇಳು. ನಿನಗ ಬಾಯಿ ಐತಿ," ಎಂದ.

ಬಾಯಿ ಇದೆ, ನಿಜ. ಒಂದು ದಿನ ಧೈರ್ಯ ಮಾಡಿ ಮಿಷಿನ್ನಿನೊಳಗೆ ಏನೋ ವಾಸನೆ ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ನೈಟಿ ಹಾಕಿದ್ದೇನು ಅದರಾಗ?" ಎಂದು ಕೇಳಿದರು. ನಾನು ಹಾಕಿಲ್ಲವೆಂದರೂ ನಂಬಲಿಲ್ಲ. ರಿಪೇರಿಯ ಮಾರುತಿಯನ್ನು ಕರೆಸಿದೆವು. ಅವನು ಮುಚ್ಚಳ ಎತ್ತಿ, ಮುಖ ಕಿವುಚಿ, "ಡ್ರಮ್ಮು ಮಾರ್ಚಾಲಮ್ಮಾ" ಎಂದು, ಡ್ರಮ್ಮನ್ನೇ ಬದಲಾಯಿಸಬೇಕೆಂದು ತೆಲುಗಿನಲ್ಲಿ ತೀರ್ಪು ಕೊಟ್ಟ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಆ ಮಾತು ಅಲ್ಲಿಗೇ ನಿಂತಿತು.

ಅದು ಮತ್ತೆ ಎದ್ದದ್ದು ನಾಗರತ್ನತ್ತೆ ಬಂದಾಗ. ಅವರು ಮಾವನ ತಂಗಿ, ಬೆಳುಗುಪ್ಪಕ್ಕೆ ಕೊಟ್ಟ ಹೆಣ್ಣುಮಗಳು. ಅವರ ಒಬ್ಬನೇ ಮಗ ಪ್ರಸಾದನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಕೊಟ್ಟು, ಕಾಫಿ ಕುಡಿದು, ಸೀರೆಗಳ ವಿಷಯ ಮುಗಿದ ಮೇಲೆ ಅತ್ತೆಯೇ ಕೇಳಿದರು.

"ರುಮಾಲು ತಂದಿಲ್ಲಲ್ಲ ನಾಗರತ್ನ? ಮರತ್ಯೇನು?"

ನಾಗರತ್ನತ್ತೆ ಲೋಟದೊಳಗೆ ನೋಡಿದರು. "ಈ ಸಲ ನಿಮಗ ತೊಂದರಿ ಬ್ಯಾಡ ಅತ್ತಿಗಿ. ಬಳ್ಳಾರಿಯಾಗ ರೆಡಿಮೇಡ್ ಪೇಟ ಸಿಗತಾವು. ತಲಿ ಮ್ಯಾಲ ಇಟ್ರ ಆತು."

"ಸೋದರಮಾವ ಬದುಕಿರಾಗ ರೆಡಿಮೇಡ್ ಪೇಟೇನ?"

"ನಿಮ್ಮ ಕೈ ನೋವು ಬ್ಯಾರೆ ಐತಿ."

"ಕೈ ನೋವು ನನ್ನದು. ಖರೇ ಮಾತು ಹೇಳು."

ನಾಗರತ್ನತ್ತೆ ಒಳ್ಳೆಯ ಹೆಂಗಸು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. "ಹ್ವಾದ ಸಲ ನಮ್ಮ ಮೈದುನನ ಮಗಗ ಸುತ್ತಿದ್ರಲ್ಲ, ಆ ರುಮಾಲು ವಾಸ್ನಿ ಬಂತ್ರಿ ಅತ್ತಿಗಿ. ತಾಳಿ ಕಟ್ಟೋವಾಗ ಹುಡುಗಿ ಮುಖ ತಿರುಗಿಸಿದ್ಲು. ಮಂದಿ ಮಾತಾಡ್ಯಾರ. ನನಗೊಬ್ಬನ ಮಗ," ಎಂದರು.

ಅತ್ತೆ ನಾದಿನಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ವಾಸ್ನಿ ಐತೇನು ಸ್ವಪ್ನಾ?"

ಇಲ್ಲ ಎಂದಿದ್ದರೆ ಆ ಕ್ಷಣ ದಾಟುತ್ತಿತ್ತು. ಆದರೆ ಅವರು ಕೇಳಿದ ರೀತಿಯಲ್ಲಿ ಜಗಳ ಇರಲಿಲ್ಲ, ನಿಜಕ್ಕೂ ಗೊತ್ತಿಲ್ಲದವರು ಕೇಳಿದಂತೆ ಇತ್ತು. ನಾನು, "ಐತೆ ಅತ್ತೆ," ಎಂದೆ.

ಅತ್ತೆ ಎದ್ದು ನಿಂತರು. ಅವರ ಕುತ್ತಿಗೆ ನೆಟ್ಟಗಾಯಿತು. "ರುಮಾಲು ಕಳಸು ನಾಗರತ್ನ. ಪ್ರಸಾದನ ತಲಿಗೆ ನನ್ನ ಕೈಯಾಂದ ಏರಬೇಕು. ವಾಸ್ನಿ ಬಂದ್ರ ನೀನ ಎಲ್ಲಾರ ಮುಂದ ತಗದು ಒಗಿ, ರೆಡಿಮೇಡ್ ತಂದಿಟ್ಟಿರು. ಆದ್ರ ಅದರ ಮ್ಯಾಲ ಯಾವ ಮದ್ವಿಗೂ ನಿಮ್ಮಣ್ಣ ರುಮಾಲು ಸುತ್ತಂಗಿಲ್ಲ, ನಾನು ತುದಿ ಹಿಡಿಯಂಗಿಲ್ಲ."

ಮರುದಿನವೇ ವಾಗೀಶನ ಕೈಯಲ್ಲಿ ರುಮಾಲು ಬಂತು. ಉದ್ದನೆಯ ಮಲ್ಲು ಹತ್ತಿ ಬಟ್ಟೆ, ನವಿರಾದದ್ದು. ಅತ್ತೆ ಅದನ್ನು ಮಿಷಿನ್ನಿಗೆ ಹಾಕಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕೊನೆಯ ನೀರು ತುಂಬಿದಾಗ ಅಡುಗೆಮನೆಗೆ ಹೋಗಿ, ಸೋಸಿದ ಗಂಜಿಯ ತಪ್ಪಲೆ ತಂದು, ಮಿಷಿನ್ನಿನೊಳಗೆ ಪೂರ್ತಿ ಸುರಿದರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಿಳಿ ಬಟ್ಟೆಯ ಹತ್ತಿರ ನನ್ನನ್ನು ಬಿಟ್ಟುಕೊಂಡಿರದ ಕಾರಣ ಈ ಕೆಲಸವನ್ನು ನಾನು ಎಂದೂ ಕಂಡಿರಲಿಲ್ಲ. ಗಂಜಿಯನ್ನು ಅವರು ಹಿತ್ತಾಳೆ ಬೋಗುಣಿಯಲ್ಲೇ ಹಾಕುತ್ತಾರೆ ಎಂದುಕೊಂಡಿದ್ದೆ. ಹಿಂಡಲು ಕೈಯಲ್ಲಿ ಬಲವಿಲ್ಲದೆ ಅದನ್ನೂ ಮಿಷಿನ್ನಿಗೇ ಒಪ್ಪಿಸಿದ್ದರು.

ರುಮಾಲು ಹೊರಗೆ ಬಂತು. ಅತ್ತೆ ಅದನ್ನು ನನ್ನ ಮುಖದ ಮುಂದೆ ಹಿಡಿದರು. ನಾನು ತಲೆ ಹಿಂದೆ ತೆಗೆದೆ. ಅವರಿಗೆ ಉತ್ತರ ಸಿಕ್ಕಿತು. ನಾನು ಮಿಷಿನ್ನಿನ ಮೇಲೆ ಬಗ್ಗಿ ಒಳಗೆ ಮೂಗು ಇಟ್ಟೆ. ಇಷ್ಟು ದಿನ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ಮೊದಲ ಸಲ ನಿಂತು ಮೂಸಿದೆ. ಅದು ಸೋಪಿನದಲ್ಲ, ಕೊಳಚೆಯದಲ್ಲ. ಅಗಳಿಯಲ್ಲಿ ನಮ್ಮಜ್ಜಿಯ ಅಂಬಲಿ ಗಡಿಗೆಯನ್ನು ತೊಳೆಯದೆ ಮುಚ್ಚಿಟ್ಟು, ಎರಡು ದಿನ ಬಿಟ್ಟು ತೆಗೆದರೆ ಹೊಡೆಯುವ ವಾಸನೆ. ನನಗೆ ಅದರಲ್ಲಿ ಯಾವ ಅನುಮಾನವೂ ಉಳಿಯಲಿಲ್ಲ.

"ಇದು ಗಂಜೀದು ಅತ್ತೆ," ಎಂದೆ. "ನೀರು ಇಳಿದ್ರೂ ಗಂಜಿ ಎಲ್ಲಾ ಹೋಗಲ್ಲ. ತಳದಾಗೆ ಮೆತ್ಕೊಂಡು ಹುಳಿ ಬಂದೈತೆ. ಮೇಲೆ ಮುಚ್ಚಳ ಬೇರೆ ಮುಚ್ಚಿರ್ತೀವಿ."

ಅತ್ತೆಯ ಮುಖ ಕೆಂಪಾಯಿತು. "ನನ್ನ ಗಂಜಿಗೆ ಹೆಸರಿಡಾಕ ಅಗಳಿಯಿಂದ ಬಂದಿಯೇನು? ನಾನು ಗಂಜಿ ಹಾಕಾಕ ಹತ್ತಿದಾಗ ನೀನು ಹುಟ್ಟಿದ್ದಿಲ್ಲ. ಅಂಬಲಿ ಕುಡಿದು ಬೆಳದೋರಿಗೆ ಎಲ್ಲದರಾಗೂ ಅಂಬಲಿನ ಕಾಣತೈತಿ."

ನನಗೂ ರೇಗಿತು. ತವರಿನ ಅಂಬಲಿಯ ಮಾತು ಬಂದರೆ ನಾನು ಸುಮ್ಮನಿರುವವಳಲ್ಲ.

"ಅಂಬಲಿ ಕುಡ್ದೇ ಬೆಳೆದೀನಿ. ಅದಕ್ಕೇ ಗೊತ್ತಾಯ್ತು," ಎಂದು, ತೋಳು ಮೇಲೆ ಮಾಡಿ ಮಿಷಿನ್ನಿನೊಳಗೆ ಕೈ ಇಳಿಸಿದೆ. ತಳದಲ್ಲಿ ತಿರುಗುವ ತಟ್ಟೆಯ ಅಂಚಿನ ಕೆಳಗೆ ಬೆರಳು ತೂರಿಸಿ ಕೆರೆದೆ. ಬೂದುಬಣ್ಣದ ಲೋಳೆ ಬೆರಳಿಗೆ ಹತ್ತಿಕೊಂಡು ಬಂತು. ಅದನ್ನು ನೇರವಾಗಿ ಅವರ ಮೂಗಿನ ಹತ್ತಿರ ಹಿಡಿದೆ. "ನೀವೇ ನೋಡಿ."

ಆ ವಾಸನೆಗೆ ನಾನೇ ಮುಖ ಪಕ್ಕಕ್ಕೆ ತಿರುಗಿಸಬೇಕಾಯಿತು. ಅತ್ತೆ ತಿರುಗಿಸಲಿಲ್ಲ. ಬೆರಳಿನ ಮುಂದೆ ನೆಟ್ಟಗೆ ನಿಂತಿದ್ದರು. ಜೋರಾಗಿ ಉಸಿರು ಎಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಏನೂ ಇಲ್ಲಲ್ಲ," ಎಂದರು. ಹೇಳುವ ದನಿಯಲ್ಲ, ಕೇಳುವ ದನಿ.

ನನಗೆ ಹಾಲಿನ ಪಾತ್ರೆ ನೆನಪಾಯಿತು. ಬೆಣ್ಣೆ, ಹಿಂದಿನ ದಿನದ ಸಾರು, ಮಲ್ಲಿಗೆ ಎಲ್ಲವೂ ನೆನಪಾದವು. ಅದು ಪರೀಕ್ಷೆಯಾಗಿರಲಿಲ್ಲ. ಕೈ ಕೆಳಗಿಳಿಸಿ, ಸೆರಗಿಗೇ ಬೆರಳು ಒರೆಸಿಕೊಂಡೆ.

"ಯಾವಾಗಿಂದ ಅತ್ತೆ?"

ಅವರು ಮಿಷಿನ್ನಿನ ಪಕ್ಕದ ಕುರ್ಚಿಯಲ್ಲಿ ಕೂತರು. ಒದ್ದೆ ರುಮಾಲು ಮಡಿಲಲ್ಲಿತ್ತು. "ಆ ಜ್ವರ ಬಂತಲ್ಲ, ಊರೆಲ್ಲಾ ಬಾಗಿಲು ಹಾಕಿದ ವರ್ಷ, ನೀನು ಈ ಮನಿಗೆ ಬರೂಕಿಂತ ಮೊದ್ಲು. ಜ್ವರ ಹೋತು. ಇದು ತಿರುಗಿ ಬರಲಿಲ್ಲ. ಇವತ್ತು ಬರತೈತಿ, ನಾಳಿ ಬರತೈತಿ ಅಂತ ಕುಂತೆ."

"ಮಾವಂಗೆ ಗೊತ್ತಾ?"

"ಯಾರಿಗೂ ಇಲ್ಲ. ಏನಂತ ಹೇಳ್ಲಿ ಸ್ವಪ್ನಾ? ಅನ್ನದಾನಮ್ಮ ವಾಸ್ನಿಯಾಗ ಗಂಜಿ ಹದ ಹಿಡೀತಾಳ ಅಂತ ಮಂದಿ ಆಡತಾರ. ಮೂಗು ಹೋದಾಕಿ ಅಂದ್ರ ಮೊದ್ಲು ಅಡಿಗಿ ಮನಿಯಿಂದ ಎಬ್ಬಸ್ತಾರ. ಆಮ್ಯಾಲ ಎಲ್ಲಾ ಕಡಿಂದಾನೂ ಎಬ್ಬಸ್ತಾರ."

ನನಗೆ ಅಳು ಬಂತು, ನಿಜ. ಆದರೆ ಅಳುವಿಗಿಂತ ಹೆಚ್ಚಾಗಿ ಬಂದದ್ದು ಹೆಮ್ಮೆ. ನಾನು ಈ ಮನೆಗೆ ಬಂದಾಗಿನಿಂದ ಉಂಡ ಊಟವೆಲ್ಲ ವಾಸನೆ ತಿಳಿಯದ ಹೆಂಗಸು ಮಾಡಿದ್ದು. ಒಗ್ಗರಣೆಯನ್ನು ಸಾಸಿವೆಯ ಸಿಡಿತ ಕೇಳಿ ಇಳಿಸಿದ್ದರು, ಮಸಾಲೆಯನ್ನು ಬಣ್ಣ ನೋಡಿ ಹುರಿದಿದ್ದರು. ಒಂದು ದಿನವೂ ತಳ ಹತ್ತಿಸಿರಲಿಲ್ಲ. ಮನೆಗೆ ಬಂದವರೆಲ್ಲ ಎರಡನೆಯ ಸಲ ಬಡಿಸಿಕೊಂಡು ಹೋಗಿದ್ದರು. ಇಂಥ ಹೆಂಗಸಿನ ಸೊಸೆ ನಾನು ಎಂದು ಆ ಹೊತ್ತು ನನಗೆ ಎದೆ ತುಂಬಿತು, ಅದನ್ನು ಹೇಳಲು ನನಗೆ ಸಂಕೋಚವಿಲ್ಲ.

"ಹಾಲು ನೋಡೋ ಮೂಗು ರುಮಾಲು ನೋಡಲ್ವಾ ಅತ್ತೆ?" ಎಂದೆ. "ಮೊದ್ಲು ಈ ಗಡಿಗೆ ತೊಳೆಯಾಣ, ಏಳಿ."

"ಯಾರಿಗೂ ಹೇಳಬ್ಯಾಡ," ಎಂದರು.

"ಹೇಳಲ್ಲ."

ಭಾನುವಾರ ವಾಗೀಶನಿಗೆ ಟಿವಿ ಮುಂದೆ ಕೂರಲು ಬಿಡಲಿಲ್ಲ. ಮಿಷಿನ್ನನ್ನು ಹಿತ್ತಲ ಬಿಸಿಲಿಗೆ ತಳ್ಳಿಸಿದೆ. ತಳದ ತಟ್ಟೆಯ ನಡುವಿನ ಸ್ಕ್ರೂ ಬಿಚ್ಚಿಸಿದೆ. ತಟ್ಟೆ ಮೇಲೆದ್ದಾಗ ವಾಗೀಶ್ ಎರಡು ಹೆಜ್ಜೆ ಹಿಂದೆ ಹೋಗಿ ನಿಂತ. ಅಡಿಯಲ್ಲಿ ಗಂಜಿ ಪದರ ಪದರವಾಗಿ ಕಟ್ಟಿಕೊಂಡಿತ್ತು. ಮೇಲೆ ಕಪ್ಪು, ಒಳಗೆ ಹಳದಿ, ಅದರೊಳಗೆ ದಾರದ ಎಳೆಗಳು, ಒಂದು ಷರಟಿನ ಗುಂಡಿ. ಅತ್ತೆ ಬಗ್ಗಿ ನೋಡಿದರು. ಮೂಗಿಗೆ ಗೊತ್ತಾಗದ್ದು ಕಣ್ಣಿಗೆ ಚೆನ್ನಾಗಿಯೇ ಗೊತ್ತಾಯಿತು.

"ಇದನ್ನ ಹೊತಗೊಂಡು ಅವರು ಬಜಾರದಾಗ ತಿರಿಗ್ಯಾರ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಸೀರೆಯನ್ನು ಮೇಲೆ ಸಿಕ್ಕಿಸಿ, "ಬಿಸಿನೀರು ತಾ," ಎಂದರು.

ತಟ್ಟೆಯನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿದೆವು. ತಳದ ಗಂಜಿಗೆ ಬಿಸಿನೀರು ಸುರಿದು ಬಿಟ್ಟರೆ ಅದು ಮೆತ್ತಗಾಯಿತು. ಮರದ ಸೌಟಿನ ಹಿಡಿಯಲ್ಲಿ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗೊಂದು ಉಜ್ಜಿ ತೆಗೆದೆವು. ಕಸ ಹಿಡಿಯುವ ಬಲೆಚೀಲವನ್ನು ತಿರುವಿ ತೊಳೆದೆವು. ತಟ್ಟೆಯನ್ನು ಮತ್ತೆ ಕೂರಿಸಿ, ಬಟ್ಟೆ ಹಾಕದೆ ಬರೀ ಬಿಸಿನೀರು, ಸೋಡಾ ಹಾಕಿ ಓಡಿಸಿದೆವು, ಮತ್ತೆ ನಿಂಬೆರಸ ಹಿಂಡಿ ಓಡಿಸಿದೆವು. ಪ್ರತಿ ಸಲವೂ ಅತ್ತೆ ನನ್ನ ಮುಖ ನೋಡುವುದು, ನಾನು ಒಳಗೆ ಬಗ್ಗಿ ಮೂಸಿ ತಲೆ ಅಡ್ಡ ಆಡಿಸುವುದು, ಅವರು ಮತ್ತೆ ಒಲೆಯ ಮೇಲೆ ನೀರಿಡುವುದು. ವಾಗೀಶನಿಗೆ ಈ ವ್ಯವಹಾರ ಅರ್ಥವಾಗಲಿಲ್ಲ. ಅಮ್ಮ ಯಾಕೆ ತಾನೇ ಮೂಸಿ ನೋಡುವುದಿಲ್ಲ ಎಂದು ಅವನು ಕೇಳಲೂ ಇಲ್ಲ. ಗಂಡಸರು ಹೀಗಿರುವುದರಲ್ಲಿ ಕೆಲವು ಸಲ ಅನುಕೂಲವಿದೆ.

ಸಂಜೆಯ ಹೊತ್ತಿಗೆ ನಾನು ತಲೆ ನೇರವಾಗಿ ಆಡಿಸಿದೆ. ಒಳಗಿಂದ ಕಬ್ಬಿಣದ ಮೇಲೆ ಬಿಸಿಲು ಬಿದ್ದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಕ್ರೋಶಾ ಹೊದಿಕೆಯನ್ನು ಮಡಚಿ ಟಿವಿಗೆ ಹಾಕಿದರು. ಮುಚ್ಚಳ ಅವತ್ತಿನಿಂದ ತೆರೆದೇ ಇರುತ್ತದೆ. ವಿಭೂತಿಯ ಗೆರೆ ಮಾತ್ರ ಹಾಗೇ ಇದೆ. ಗಂಜಿಗೆ ಮಿಷಿನ್ನು ಬಂದ್ ಆಯಿತು, ನನ್ನ ನೈಟಿಗೆ ಬಾಗಿಲು ತೆರೆಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಮಾವ ಜೇಬಿನಿಂದ ಕರ್ಪೂರದ ಪೊಟ್ಟಣ ತೆಗೆದು ಗಲ್ಲೆಯ ಮೇಲಿಟ್ಟರು. ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಹಿಡಿದು ನೋಡಿ, "ಇನ್ನ ಇದು ದೇವರಿಗೆ ಹಚ್ಚು," ಎಂದರು.

"ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ ಮಾವ?"

"ಗಿರಾಕಿ ಮೂಗಿಗವ್ವಾ."

"ಅತ್ತೆಗೆ ಒಂದು ಮಾತು ಹೇಳ್ಬೋದಿತ್ತಲ್ಲ."

ಮಾವ ವಲ್ಲಿಯನ್ನು ಹೆಗಲಿಗೆ ಹಾಕಿ ಸರಿಮಾಡಿಕೊಂಡರು. "ಕೈ ನೋವು ತಿಂದು ಒಗದು ಕೊಡ್ತಾಳ. ಆಕಿಗೂ ಗೊತ್ತಿರಬೇಕು, ಕೈಲೆ ಆಗವಲ್ದು ಅಂತ ಸುಮ್ಮನದಾಳ ಅಂತ ತಿಳಕೊಂಡೆ. ನನ್ನ ಮೈಮ್ಯಾಲಿನ ಬಟ್ಟಿಗೆ ನಾನ ಹೆಸರಿಡ್ಲೇನು?" ಎಂದು, ಬಂದ ಗಿರಾಕಿಯ ಕಡೆ ತಿರುಗಿ, "ಬರ್ರಿ, ಕೂಡ್ರಿ," ಎಂದರು.

ಅತ್ತೆಯ ಗುಟ್ಟು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಾತು ಕೊಟ್ಟಿದ್ದೆ, ನುಂಗಿಕೊಂಡೆ.

ರುಮಾಲನ್ನು ಮತ್ತೊಮ್ಮೆ ಒಗೆದು ಗಂಜಿ ಹಾಕಿದ್ದು ಮದುವೆಗೆ ಎರಡು ದಿನ ಮುಂಚೆ. ಅಟ್ಟದಿಂದ ಹಿತ್ತಾಳೆ ಬೋಗುಣಿ ಇಳಿಯಿತು. ಅತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿದರು. ಹಸಿ ಅಕ್ಕಿಯ ವಾಸನೆ ಹೋಗಿ ಅನ್ನದ ವಾಸನೆ ಬರುತ್ತದೆ, ಆಗಲೂ ಇಳಿಸಬಾರದು. ಅನ್ನದ ವಾಸನೆಯೂ ಹೋಗಿ, ಹೊಸ ಮಡಿಕೆಗೆ ನೀರು ಹಾಕಿದಾಗ ಬರುವಂಥ ಒಂದು ವಾಸನೆ ಸಣ್ಣಗೆ ಏಳುತ್ತದೆ, ಆಗ ಇಳಿಸಬೇಕು. ಅವರು ಅದನ್ನು ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದರು. ನಾನು ಕಾದೆ. ಅಂಥ ವಾಸನೆ ಒಂದಿದೆ ಎಂದು ನನಗೆ ನಂಬಿಕೆ ಇರಲಿಲ್ಲ. ಆದರೆ ಅದು ಬಂತು.

"ಬಂತು ಅತ್ತೆ," ಎಂದೆ.

"ಇಳಸು," ಎಂದರು.

ರುಮಾಲನ್ನು ಅದ್ದಿದ್ದು ಅವರು, ಹಿಂಡಿದ್ದು ನಾನು. ಮಾಳಿಗೆಯ ಮೇಲೆ ಇಬ್ಬರೂ ಎರಡು ತುದಿ ಹಿಡಿದು ಬಿಸಿಲಿಗೆ ಎಳೆದು ಒಣಗಿಸಿದೆವು. ಸಡಿಲ ಬಿಟ್ಟರೆ ಬೈಯುತ್ತಿದ್ದರು. ಅವತ್ತು ಬೈಗುಳ ನನಗೆ ಹಿತವಾಗಿತ್ತು.

ಬೆಳುಗುಪ್ಪದ ಮದುವೆಯ ಮನೆಯಲ್ಲಿ ನಾಗರತ್ನತ್ತೆಯ ಗಂಡ ಕೊಟ್ರಬಸಪ್ಪ ನಮ್ಮನ್ನು ಚಪ್ಪರದಲ್ಲೇ ಎದುರುಗೊಂಡರು. ಒಳಗೆ ಕಪಾಟಿನ ಮೇಲೆ ಡಬ್ಬಿಯಲ್ಲಿ ರೆಡಿಮೇಡ್ ಪೇಟ ಇತ್ತು. ಕಲ್ಲಿನ ಪದಕ, ತುರಾಯಿ ಎಲ್ಲಾ ಇದ್ದವು. ಅತ್ತೆ ಅದನ್ನು ನೋಡಿದರು. ತಂದಿಟ್ಟಿರು ಎಂದು ಅವರೇ ಹೇಳಿದ್ದರು, ನಾಗರತ್ನತ್ತೆ ತಂದಿಟ್ಟಿದ್ದರು, ಅಷ್ಟೆ.

ಪ್ರಸಾದನನ್ನು ಮಣೆಯ ಮೇಲೆ ಕೂರಿಸಿ ಬಂಧುಗಳೆಲ್ಲ ಸುತ್ತ ನಿಂತರು. ಅತ್ತೆ ರುಮಾಲನ್ನು ನಾದಿನಿಯ ಕೈಗೆ ಕೊಟ್ಟರು. ಅವರಿಗೆ ತಮ್ಮ ಕೈಯಾರೆ ಮಾಡಿದ್ದು ಹೇಗಿದೆಯೆಂದು ತಿಳಿಯುವ ದಾರಿ ಇರಲಿಲ್ಲ. ನನ್ನ ಮಾತೊಂದೇ ಅವರಿಗೆ ಆಧಾರ. ಎಲ್ಲರೆದುರು ಅವಮಾನವಾದರೆ ಅದು ನನ್ನ ಮೂಗಿನಿಂದಲೇ ಆಗುತ್ತಿತ್ತು.

ನಾಗರತ್ನತ್ತೆ ರುಮಾಲಿನ ಮಡಿಕೆ ಬಿಚ್ಚಿದರು. ಬಟ್ಟೆ ಸರ್ ಎಂದಿತು. ಮುಚ್ಚುಮರೆಯಿಲ್ಲದೆ ಮುಖಕ್ಕೆ ಹಿಡಿದು ಮೂಸಿದರು. ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು.

"ನಮ್ಮವ್ವ ಇದ್ದಾಗಿನ ವಾಸ್ನಿ ಬಂತು," ಎಂದರು. "ಏ, ಆ ಪೇಟ ಅಂಗಡಿಗೆ ತಿರುಗಿ ಕಳಸ್ರಿ." ಮತ್ತೆ ಸುತ್ತ ನಿಂತವರ ಕಡೆ ತಿರುಗಿ ಹೇಳಿದರು, "ನೋಡ್ರಿ, ನಮ್ಮ ಅತ್ತಿಗಿಗೆ ವಯಸ್ಸಾತು ಅಂದೋರೆಲ್ಲಾ ಬಂದು ನೋಡ್ರಿ. ಅದ ಕೈ, ಅದ ಮೂಗು."

ಎಲ್ಲರೂ ನಕ್ಕರು, ಹೌದು ಹೌದು ಎಂದರು. ಅಲ್ಲಿಗೆ ಎಲ್ಲವೂ ಮುಗಿದಿತ್ತು. ಅತ್ತೆ ಗೆದ್ದಿದ್ದರು. ಸುಮ್ಮನೆ ನಗುತ್ತ ನಿಂತಿದ್ದರೆ ಸಾಕಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ನಾನು ನೆಲ ನೋಡುತ್ತ ನಿಂತೆ.

"ಅಲ್ಲ ನಾಗರತ್ನ," ಎಂದರು ಅತ್ತೆ.

ನಗು ನಿಂತಿತು.

"ಕೈ ಅಷ್ಟ ನಂದು. ನನ್ನ ಮೂಗು ಆ ಜ್ವರದಾಗ ಹೋತು, ಇನ್ನೂ ಬಂದಿಲ್ಲ. ಅದಕ್ಕ ಹ್ವಾದ ಸಲ ಹಂಗಾತು. ಈ ಗಂಜಿ ಹದ ಹಿಡಿದಾಕಿ ನನ್ನ ಸೊಸಿ. ಮೂಗು ಆಕೀದು."

ನಾಗರತ್ನತ್ತೆ ಅತ್ತೆಯ ತೋಳು ಹಿಡಿದುಕೊಂಡರು. ಮಾವ ರುಮಾಲಿನ ಒಂದು ತುದಿಯನ್ನು ಪ್ರಸಾದನ ತಲೆಗೆ ಇಟ್ಟವರು ಹಾಗೇ ನಿಂತರು. ಅವರು ಹೆಂಡತಿಯ ಮುಖ ನೋಡಿದರು. ಅಷ್ಟು ದಿನ ಕರ್ಪೂರ ಇಟ್ಟುಕೊಂಡು ಓಡಾಡಿದವರಿಗೆ, ಹೆಂಡತಿಗೆ ಆ ವಾಸನೆ ತಿಳಿದೇ ಇರಲಿಲ್ಲವೆಂದು ಆಗ ಅರ್ಥವಾಗಿರಬೇಕು. "ತುದಿ ಹಿಡಿ, ಹೊತ್ತಾತು," ಎಂದಷ್ಟೇ ಹೇಳಿದರು.

ಅತ್ತೆ ರುಮಾಲಿನ ಇನ್ನೊಂದು ತುದಿಯನ್ನು ಎತ್ತಿಕೊಂಡರು. ಅದನ್ನು ತಂದು ನನ್ನ ಎರಡೂ ಕೈಗೆ ಇಟ್ಟು, ನನ್ನ ಬೆರಳುಗಳನ್ನು ತಮ್ಮ ಬೆರಳುಗಳಿಂದ ಮುಚ್ಚಿದರು.

"ಬಿಗಿ ಹಿಡಿ. ಸಡಿಲ ಬಿಟ್ಟರ ಎಲ್ಲಾರ ಮುಂದ ಬೈತೀನಿ," ಎಂದು ಪಕ್ಕಕ್ಕೆ ಸರಿದು ನಿಂತರು.

ಮಾವ ಸುತ್ತಲು ಶುರು ಮಾಡಿದರು. ಸುತ್ತು ಸುತ್ತಿಗೂ ಬಟ್ಟೆ ಸರಸರ ಎನ್ನುತ್ತಿತ್ತು. ನಾನು ತಲೆಯೆತ್ತಿ, ಬಿಗಿಯಾಗಿ ಹಿಡಿದು ನಿಂತೆ.